ಪೀಬಲ್ಸ್‌ನ ಮಳೆ, ಎಡಿನ್‌ಬರೋದ ಭಾನುವಾರ

ಹಲಸೂರು

ಇಂಗ್ಲಿಷರ ಸೀಮೆಗೆ ಹೋಗಿ ಬಂದ ಮೇಲೆ ಹಲಸೂರಿನ ಸ್ನೇಹಿತರೂ ಕೃಷ್ಣರಾಜಪುರದ ನೆಂಟರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ರಾಜರ ಅರಮನೆ ಹೆಂಗೈತೆ?’ ನಾನು ಅರಮನೆ ನೋಡಲಿಲ್ಲ. ಹಡಗು ಇಳಿದ ದಿನವೇ ಉತ್ತರದ ರೈಲು ಹತ್ತಿದವನು ನಾನು. ನನಗೆ ಗೊತ್ತಿರುವುದು ಸ್ಕಾಟ್ಲೆಂಡಿನ ಮಳೆ. ಆ ಮಳೆಯಲ್ಲಿ ಆರು ವರ್ಷದ ಮಗಳನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಮೋಟಾರ್ ಸೈಕಲ್ ಓಡಿಸುವುದು ಎಂಥ ಬಾಳು ಎಂದು ಕೇಳಿದರೆ ಮಾತ್ರ ನಾನು ಹೇಳಬಲ್ಲೆ.

ಹೋಗಿದ್ದು ನನ್ನ ಕೆಲಸಕ್ಕಲ್ಲ, ಹೆಂಡತಿಯ ಓದಿಗೆ. ಸರೋಜ ದಂಡಿನ ಆಸ್ಪತ್ರೆಯಲ್ಲಿ ನರ್ಸು. ಯುದ್ಧದ ವರ್ಷಗಳಲ್ಲಿ ಗಾಯಾಳು ಸಿಪಾಯಿಗಳ ವಾರ್ಡಿನಲ್ಲಿ ದುಡಿದು ಹೆಸರು ಮಾಡಿದ್ದಳು. ಸ್ವಾತಂತ್ರ್ಯ ಬಂದ ಮರುವರ್ಷ, ನರ್ಸುಗಳಿಗೆ ಪಾಠ ಹೇಳುವ ತರಬೇತಿ ಪಡೆದು ಬರಲೆಂದು ಅವಳನ್ನು ಎಡಿನ್‌ಬರೋಗೆ ಕಳಿಸುವ ತೀರ್ಮಾನವಾಯಿತು. ಮಗಳು ನಿಮ್ಮಿಯನ್ನು ಬಿಟ್ಟು ಹೋಗಲು ಅವಳು ಒಪ್ಪಲಿಲ್ಲ. ತರಬೇತಿಯವರು ಮಗುವನ್ನು ಜೊತೆಗಿಟ್ಟುಕೊಳ್ಳಲು ಬಿಡುವುದಿಲ್ಲ. ನಾನು ಹಲಸೂರಿನ ಸೈನ್ಯದ ಮೋಟಾರು ಡಿಪೋದಲ್ಲಿ ಮೆಕ್ಯಾನಿಕ್ಕು. ಅಲ್ಲಿದ್ದ ಒಬ್ಬ ಸ್ಕಾಟಿಷ್ ಅಧಿಕಾರಿ, ಎಡಿನ್‌ಬರೋ ಪಕ್ಕದ ಪೀಬಲ್ಸ್ ಎಂಬ ಊರಿನಲ್ಲಿ ತನ್ನ ಭಾವಮೈದುನನ ಗ್ಯಾರೇಜಿದೆ, ಕೆಲಸಕ್ಕೆ ಜನ ಸಿಗದೆ ಒದ್ದಾಡುತ್ತಿದ್ದಾನೆ ಎಂದ. ಹಾಗಾದರೆ ಮಗುವನ್ನು ನಾನೇ ನೋಡಿಕೊಳ್ಳುತ್ತೇನೆ, ಮೂವರೂ ಹೋಗೋಣ ಎಂದೆ.

ನಮ್ಮಣ್ಣ ಕೃಷ್ಣರಾಜಪುರದಲ್ಲಿ ತರಕಾರಿ ಬೆಳೆದು ರಸೆಲ್ ಮಾರುಕಟ್ಟೆಗೆ ಗಾಡಿ ಹೊಡೆಯುವವನು. ವಿಷಯ ತಿಳಿದ ದಿನ ಎತ್ತುಗಳನ್ನು ಬಿಚ್ಚುವುದಕ್ಕೂ ಮುಂಚೆ ನನ್ನನ್ನು ಹಿಡಿದುಕೊಂಡ.

‘ಏನೋ ವೆಂಕಟಸ್ವಾಮಿ, ಗಂಡ ಹೋದ ಕಡೆ ಹೆಂಡ್ತಿ ಹೋಗೋದು ಕಂಡಿದೀನಿ. ಹೆಂಡ್ತಿ ಓದಕ್ಕೆ ಹೋದ್ರೆ ಗಂಡ ಮಗೂನ ಕಂಕುಳಲ್ಲಿ ಇಟ್ಕೊಂಡು ಹಿಂದೆ ಹೋಗೋದು ಎಲ್ಲಾದ್ರೂ ಉಂಟಾ? ಊರಲ್ಲಿ ನಾನು ಮುಖ ಎತ್ಕೊಂಡು ತಿರುಗಬೇಕೋ ಬೇಡ್ವೋ?’

ನಮ್ಮವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, ‘ನಿನ್ನ ಮುಖ ಎತ್ಕೊಂಡು ತಿರುಗಕ್ಕೆ ಆ ಮಗು ತಬ್ಬಲಿ ಆಗ್ಬೇಕೇನೋ? ಹೋಗ್ಲಿ ಬಿಡು, ಅಪ್ಪನಾದ್ರೂ ಜೊತೆಗಿರ್ತಾನೆ’ ಅಂದಳು. ಅಲ್ಲಿಗೆ ಮಾತು ಮುಗಿಯಿತು. ಆದರೆ ಅಣ್ಣನ ಮಾತು ಮಾತ್ರ ನನ್ನ ಜೊತೆ ಹಡಗು ಹತ್ತಿತು.

ಪೀಬಲ್ಸ್

ಬೆಂಗಳೂರಿನ ಮಳೆಗೆ ಒಂದು ಹೊತ್ತು ಅಂತ ಉಂಟು. ಮಧ್ಯಾಹ್ನ ಮೋಡ ಕಟ್ಟುತ್ತದೆ, ಸಂಜೆ ಗುಡುಗಿ ಸುರಿಯುತ್ತದೆ, ಹಲಸೂರು ಕೆರೆ ಕೋಡಿ ನೋಡಿಕೊಂಡು ಜನ ಮನೆಗೆ ಹೋಗುತ್ತಾರೆ. ಪೀಬಲ್ಸ್‌ನಲ್ಲಿ ಮಳೆ ಬಂತು, ಹೋಯಿತು ಎಂದು ಹೇಳುವ ಹಾಗೇ ಇಲ್ಲ. ಬೆಳಿಗ್ಗೆ ಎದ್ದರೆ ಬೆಟ್ಟದ ಅರ್ಧ ಮೈ ಕಾಣುವುದಿಲ್ಲ. ಗಾಳಿಯೇ ಒದ್ದೆ. ಆ ಜನ ಇದನ್ನು ಮಳೆ ಎಂದೂ ಒಪ್ಪುವುದಿಲ್ಲ. ಮೈಯೆಲ್ಲ ತೊಯ್ದು ಗ್ಯಾರೇಜಿಗೆ ಹೋದರೆ ಯಜಮಾನ, ‘ಸ್ವಲ್ಪ ಹಸಿಯಾಗಿದೆ ಇವತ್ತು’ ಎನ್ನುತ್ತಿದ್ದ. ಅವನು ಮಳೆ ಎಂದು ಬಾಯಿಬಿಟ್ಟು ಹೇಳಿದ ದಿನ ನದಿಯ ನೀರು ಸೇತುವೆಯ ಕಮಾನಿನ ಅರ್ಧಕ್ಕೆ ಏರಿತ್ತು.

ನಮಗೆ ಮನೆ ಸಿಕ್ಕಿದ್ದು ಊರ ಹೊರಗೆ, ಬೆಟ್ಟದ ದಾರಿಯಲ್ಲಿ. ಮನೆಯಾಕೆ ಮಿಸೆಸ್ ರೆನ್ನಿ ಎಂಬ ವಿಧವೆ. ಕೋಳಿ ಸಾಕುತ್ತಿದ್ದರು, ಭಾನುವಾರ ಚರ್ಚು ತಪ್ಪಿಸುತ್ತಿರಲಿಲ್ಲ, ನಗುವುದಕ್ಕೆ ಮುಂಚೆ ಯೋಚಿಸುತ್ತಿದ್ದರು. ಮೊದಲ ದಿನ ನಾವು ರಾಗಿ ಹಿಟ್ಟಿನ ಡಬ್ಬ ತೆಗೆದಾಗ ಬೆರಳಲ್ಲಿ ತೆಗೆದುಕೊಂಡು ಮೂಸಿ, ನಾಲಿಗೆಗೆ ಹಚ್ಚಿ, ‘ಇದು ಹೊಟ್ಟೆ ತುಂಬಿಸೋ ಪದಾರ್ಥ’ ಎಂದು ತೀರ್ಪು ಕೊಟ್ಟರು. ಅವರ ಓಟ್ಸ್ ಗಂಜಿಗೆ ಸಕ್ಕರೆ ಹಾಕುತ್ತಿರಲಿಲ್ಲ, ಉಪ್ಪು ಹಾಕುತ್ತಿದ್ದರು. ನಮ್ಮ ಅಂಬಲಿಗೆ ಹತ್ತಿರದ ರುಚಿ. ನನಗೂ ಮಿಸೆಸ್ ರೆನ್ನಿಗೂ ಸ್ನೇಹ ಬೆಳೆದಿದ್ದು ಆ ಉಪ್ಪಿನಿಂದ.

ಭಾಷೆಯ ತೊಂದರೆ ನನಗೆ ಹೆಚ್ಚಾಗಲಿಲ್ಲ. ನನ್ನ ಇಂಗ್ಲಿಷು ಡಿಪೋದ ಸಿಪಾಯಿಗಳಿಂದ ಕಲಿತದ್ದು, ಅವರಲ್ಲಿ ಅರ್ಧ ಜನ ಸ್ಕಾಟ್ಲೆಂಡಿನವರೇ. ಆದರೂ ಮೊದಲ ಚಳಿಯ ದಿನ ಮೋಸಹೋದೆ. ‘ಮಗೂಗೆ ಸೈಡ್‌ಕಾರಲ್ಲಿ ಚಳಿ ಆಗತ್ತೆ, ನನ್ನ ಹತ್ರ ಒಂದು ಪಿಗ್ ಇದೆ, ಕಾಲ ಹತ್ರ ಇಟ್ಕೊಳ್ಳಲಿ’ ಎಂದರು ಮಿಸೆಸ್ ರೆನ್ನಿ. ಹಂದಿ! ಈಕೆ ಹಂದಿ ಸಾಕಿದ್ದು ನಾನೇ ಕಂಡಿಲ್ಲವಲ್ಲ ಎಂದುಕೊಂಡೆ. ‘ಬೇಡ, ಮಗು ಹೆದರುತ್ತೆ’ ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಪಿಂಗಾಣಿಯ ಒಂದು ದಪ್ಪ ಜಾಡಿ ತಂದರು. ಒಳಗೆ ಬಿಸಿನೀರು, ಮೇಲೆ ಹಳೆಯ ಕಾಲುಚೀಲ. ಹಾಸಿಗೆ ಬೆಚ್ಚಗಿಡುವ ಆ ಜಾಡಿಗೇ ಅಲ್ಲಿ ಪಿಗ್ ಎಂದು ಹೆಸರು. ನಾನು ಏನು ತಿಳಿದುಕೊಂಡಿದ್ದೆ ಎಂದು ಗೊತ್ತಾದಾಗ ಮಿಸೆಸ್ ರೆನ್ನಿ ಯೋಚಿಸದೆ ನಕ್ಕರು. ನಾನು ಕಂಡ ಹಾಗೆ ಅದೇ ಮೊದಲು.

ಶಾಲೆಯ ಗೇಟು

ಮೋಟಾರ್ ಸೈಕಲ್ಲು ಗ್ಯಾರೇಜಿನದು. ಯುದ್ಧ ಮುಗಿದ ಮೇಲೆ ಸೈನ್ಯದವರು ಮಾರಿಬಿಟ್ಟ ಹಸಿರು ಗಾಡಿ, ಪಕ್ಕದಲ್ಲಿ ದೋಣಿಯಂಥ ಸೈಡ್‌ಕಾರು. ಬೆಳಿಗ್ಗೆ ನಿಮ್ಮಿಯನ್ನು ಶಾಲೆಗೆ ಬಿಟ್ಟು ನಾನು ಕೆಲಸಕ್ಕೆ ಹೋಗುವುದು, ಮಧ್ಯಾಹ್ನದ ಮೇಲೆ ಅವಳನ್ನು ಕರೆತಂದು ಮಿಸೆಸ್ ರೆನ್ನಿಗೆ ಒಪ್ಪಿಸಿ ಮತ್ತೆ ಕೆಲಸಕ್ಕೆ ಹೋಗುವುದು.

ಮಳೆಯಲ್ಲಿ ಮಗುವಿನ ಜೊತೆ ಗಾಡಿ ಓಡಿಸುವವನ ಕೆಲಸ ಗಾಡಿ ಹತ್ತುವ ಮುಂಚೆಯೇ ಶುರುವಾಗುತ್ತದೆ. ಕಾಲುಚೀಲದ ಮೇಲೆ ಕಾಲುಚೀಲ, ಅದರ ಮೇಲೆ ರಬ್ಬರ್ ಬೂಟು. ಸೈನ್ಯದ ಮಳೆ ಕೋಟನ್ನು ಕತ್ತರಿಸಿ ನಾನೇ ಅವಳಿಗೊಂದು ಅಂಗಿ ಹೊಲಿದಿದ್ದೆ. ಅದನ್ನು ತೊಡಿಸಿ ಗುಂಡಿಯೆಲ್ಲ ಹಾಕಿ ಮುಗಿಸಿದ ಕೂಡಲೇ ಅವಳು, ‘ಅಪ್ಪಾ, ಒಂದಕ್ಕೆ’ ಎನ್ನುತ್ತಿದ್ದಳು. ಎಲ್ಲ ಬಿಚ್ಚಬೇಕು, ಮತ್ತೆ ಮೊದಲಿನಿಂದ. ನನ್ನ ಎದೆಗೆ ಗ್ಯಾರೇಜಿನವರು ಕಲಿಸಿದ ಉಪಾಯ: ಅಂಗಿಯ ಒಳಗೆ ಹಳೆಯ ವೃತ್ತಪತ್ರಿಕೆ. ಗಾಳಿ ತಡೆಯುತ್ತದೆ, ನಿಜ. ಆದರೆ ನೆಂದರೆ ಮಸಿಯೆಲ್ಲ ಮೈಗೆ ಅಂಟುತ್ತದೆ. ಸಂಜೆ ಅಂಗಿ ಬಿಚ್ಚಿದರೆ ನನ್ನ ಎದೆಯ ಮೇಲೆ ತಿರುಗುಮುರುಗಾದ ಇಂಗ್ಲಿಷ್ ಅಕ್ಷರಗಳು. ನಿಮ್ಮಿ ಕನ್ನಡಿ ತಂದು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಅವಳು ಇಂಗ್ಲಿಷ್ ಓದಲು ಕಲಿತದ್ದು ಶಾಲೆಯ ಹಲಗೆಯ ಮೇಲೆ ಎಷ್ಟೋ, ನನ್ನ ಎದೆಯ ಮೇಲೆ ಅಷ್ಟೇ.

ಶಾಲೆಯ ಗೇಟಿನಲ್ಲಿ ನಿಲ್ಲುವವರೆಲ್ಲ ಹೆಂಗಸರು. ಮಕ್ಕಳನ್ನು ಬಿಡಲು ಗಂಡಸರು ಬರುವುದಿಲ್ಲ. ನಾನು ಬಂದು ಗಾಡಿ ನಿಲ್ಲಿಸಿ, ಮಗಳನ್ನು ಎತ್ತಿ ಇಳಿಸಿ, ಮೂಗು ಒರೆಸಿ ಕಳಿಸುವಾಗ ಅವರ ಮಾತು ನಿಲ್ಲುತ್ತಿತ್ತು. ಆಗೆಲ್ಲ ಅಣ್ಣನ ಮಾತು ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು. ಊರು ಬಿಟ್ಟು ಸಮುದ್ರ ದಾಟಿ ಬಂದರೂ ಊರಿನ ನೋಟವೇ ಎದುರಿಗೆ ನಿಂತಿದೆಯಲ್ಲ ಎನ್ನಿಸುತ್ತಿತ್ತು.

ಒಂದು ದಿನ ಮಳೆ ಜೋರಾಗಿತ್ತು. ನಿಮ್ಮಿಯ ಟೋಪಿಯ ದಾರವನ್ನು ಗಲ್ಲದ ಕೆಳಗೆ ಕಟ್ಟಲು ನನ್ನ ಮರಗಟ್ಟಿದ ಬೆರಳಿಗೆ ಆಗುತ್ತಿರಲಿಲ್ಲ. ಕೆಂಪು ಕೂದಲಿನ ಒಬ್ಬಾಕೆ ಗುಂಪಿನಿಂದ ಬಂದು, ನನ್ನ ಕೈ ಸರಿಸಿ, ಗಂಟು ಹಾಕಿದಳು. ‘ಅಮ್ಮ ಇಲ್ವಾ?’ ಎಂದು ಮೆಲ್ಲಗೆ ಕೇಳಿದಳು. ಸತ್ತಿದ್ದಾಳೆ ಎಂದು ತಿಳಿದಿದ್ದರಂತೆ ಅವರೆಲ್ಲ. ನಾನು ವಿಷಯ ಹೇಳಿದೆ. ಆಕೆ ಹಿಂದೆ ತಿರುಗಿ ಗಟ್ಟಿಯಾಗಿ, ‘ಹೆಂಡ್ತಿ ಎಡಿನ್‌ಬರೋದಲ್ಲಿ ಓದ್ತಿದಾಳಂತೆ! ಇವನು ಮಗೂನ ನೋಡ್ಕೊಳ್ತಾನಂತೆ!’ ಎಂದು ಕೂಗಿದಳು. ನಾನು ನೆಲ ನೋಡಿದೆ. ಹಿಂದಿನಿಂದ ಇನ್ನೊಬ್ಬಳು, ‘ನನ್ನ ಗಂಡನಿಗೂ ಸ್ವಲ್ಪ ಹೇಳಿಕೊಡ್ತಾನಾ ಕೇಳು’ ಅಂದಳು. ಅವತ್ತಿನಿಂದ ಗೇಟಿನಲ್ಲಿ ನಾನೂ ಒಬ್ಬ ಅಮ್ಮನಾದೆ. ಯಾರ ಮಗುವಿಗೆ ಕೆಮ್ಮು, ಯಾವ ಅಂಗಡಿಗೆ ಕಿತ್ತಳೆ ಬಂದಿದೆ, ಎಲ್ಲ ಸುದ್ದಿಯೂ ನನಗೆ ಸಿಗುತ್ತಿತ್ತು.

ಎಡಿನ್‌ಬರೋ

ವಾರವೆಲ್ಲ ಕಾಯುತ್ತಿದ್ದುದು ಭಾನುವಾರಕ್ಕೆ. ಸಿಗುತ್ತಿದ್ದ ರೇಷನ್ ಪೆಟ್ರೋಲನ್ನು ಉಳಿಸಿ ಇಟ್ಟುಕೊಂಡು ಭಾನುವಾರ ಬೆಟ್ಟ ಹತ್ತಿ, ಲೆಡ್‌ಬರ್ನ್ ಎಂಬ ಬರೀ ಹುಲ್ಲು ಬಯಲನ್ನು ದಾಟಿ ಎಡಿನ್‌ಬರೋಗೆ ಹೋಗುತ್ತಿದ್ದೆವು.

ಸರೋಜ ಇದ್ದದ್ದು ನರ್ಸುಗಳ ವಸತಿಗೃಹದಲ್ಲಿ. ಅಲ್ಲಿ ಮದುವೆಯಾದ ನರ್ಸು ಎಂದರೇ ಅಪರೂಪ. ಪರದೇಶದವಳೆಂದು ಅವಳಿಗೆ ಅವಕಾಶ ಕೊಟ್ಟಿದ್ದರು, ಕಟ್ಟಳೆಯಲ್ಲಿ ಮಾತ್ರ ರಿಯಾಯಿತಿ ಇಲ್ಲ. ರಾತ್ರಿ ಹೊರಗೆ ತಂಗುವಂತಿಲ್ಲ. ಗಂಡ ಮಗು ಭಾನುವಾರ ಎರಡರಿಂದ ನಾಲ್ಕರವರೆಗೆ ಮುಂದಿನ ಕೋಣೆಯಲ್ಲಿ ಭೇಟಿಯಾಗಬಹುದು. ಗೃಹದ ಉಸ್ತುವಾರಿ ಮಿಸ್ ಬೇರ್ಡ್ ಎಂಬ ಹಿರಿಯ ನರ್ಸಿನದು. ನಾವು ಮೂವರೂ ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂತಿದ್ದರೆ ಆಕೆ ಮೂಲೆಯಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದರು.

ಎರಡನೆಯ ಭಾನುವಾರವೋ ಮೂರನೆಯದೋ, ಸರೋಜ ನಿಮ್ಮಿಯನ್ನು ಕಾಲ ನಡುವೆ ನಿಲ್ಲಿಸಿಕೊಂಡು ಜಡೆ ಬಿಚ್ಚಿದಳು. ಎಣ್ಣೆ ಶೀಶೆ ತೆಗೆದಳು. ಮೂಲೆಯಿಂದ ಕೆಮ್ಮು ಕೇಳಿಸಿತು. ‘ಇಲ್ಲಿ ಬೇಡ ನರ್ಸ್. ಇದು ಅತಿಥಿಗಳ ಕೋಣೆ.’

ಸರೋಜ ಎದ್ದಳು. ಮಗುವಿನ ಕೈ ಹಿಡಿದು ಹೊರಗೆ ಬಂದು, ಕಾಂಪೌಂಡು ಗೋಡೆಯ ಪಕ್ಕ ನಿಲ್ಲಿಸಿದ್ದ ಸೈಡ್‌ಕಾರಿಗೆ ಹತ್ತಿ ಕೂತಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೇಲಿನ ಕ್ಯಾನ್ವಾಸ್ ಮುಸುಕನ್ನು ಎಳೆದುಕೊಂಡಳು. ಕೊಬ್ಬರಿ ಎಣ್ಣೆ ಚಳಿಗೆ ಕಲ್ಲಾಗಿತ್ತು. ನಾನು ಶೀಶೆಯನ್ನು ಇನ್ನೂ ಬಿಸಿಯಾಗಿದ್ದ ಎಂಜಿನ್ನಿನ ಪಕ್ಕ ಹಿಡಿದು ಕರಗಿಸಿ ಕೊಟ್ಟೆ. ಮಳೆ ಹನಿಯುತ್ತಿತ್ತು. ನಾನು ಛತ್ರಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಚರ್ಚಿನಿಂದ ಮರಳುತ್ತಿದ್ದ ಜನ ನೋಡಿಯೂ ನೋಡದವರಂತೆ ಹೋಗುತ್ತಿದ್ದರು. ಒಳಗಿನಿಂದ ಎಣ್ಣೆಯ ವಾಸನೆ, ಸರೋಜ ಮಗಳಿಗೆ ಹೇಳುತ್ತಿದ್ದ ಹಲಸೂರಿನ ಕಥೆ. ಅವತ್ತಿನಿಂದ ನಮ್ಮ ಭೇಟಿಯ ಕೋಣೆ ಅದೇ ಆಯಿತು.

ಆದರೆ ವಾರಕ್ಕೊಮ್ಮೆ ಹಾಕಿದ ಜಡೆ ವಾರವೆಲ್ಲ ನಿಲ್ಲುವುದಿಲ್ಲ. ನನ್ನ ಕೈಗೆ ಆ ಕೆಲಸ ಹತ್ತಲಿಲ್ಲ. ಮಿಸೆಸ್ ರೆನ್ನಿ ಕಲಿತರು. ಸಂಜೆ ಬೆಂಕಿಯ ಮುಂದೆ ನಿಮ್ಮಿಯನ್ನು ಕೂರಿಸಿ ಬಾಚಿ, ಬಿಗಿಯಾಗಿ ಎರಡು ಜಡೆ ಹೆಣೆದು ತಮ್ಮ ಹಳೆಯ ನೀಲಿ ರಿಬ್ಬನ್ ಕಟ್ಟುತ್ತಿದ್ದರು. ನಿಮ್ಮಿ ಅವರ ಹಿಂದೆ ಹಿಂದೆ ಓಡಾಡತೊಡಗಿದಳು. ಕೋಳಿಗಳನ್ನು ಅವರ ಭಾಷೆಯಲ್ಲೇ ಬೈಯುತ್ತಿದ್ದಳು. ಹೌದು ಎನ್ನಲು ಅಲ್ಲಿಯವರಂತೆಯೇ ‘ಐ’ ಎನ್ನುತ್ತಿದ್ದಳು. ನನಗೆ ನೆಮ್ಮದಿಯಾಗಿತ್ತು.

ನವೆಂಬರ್ ತಿಂಗಳ ಒಂದು ಭಾನುವಾರ ಸರೋಜ ಸೈಡ್‌ಕಾರಿನಲ್ಲಿ ಕೂತು ಜಡೆ ಬಿಚ್ಚಲು ಕೈ ಹಾಕಿದಳು. ನಿಮ್ಮಿ ತಲೆ ಹಿಂದಕ್ಕೆ ಎಳೆದುಕೊಂಡಳು.

‘ಬೇಡ. ಮಿಸೆಸ್ ರೆನ್ನಿ ಹಾಕಿದಾರೆ. ಕೆಡಿಸ್ಬೇಡ.’

ಸರೋಜಳ ಕೈ ನಿಂತಿತು. ಮಗು ಏನೂ ತಪ್ಪು ಆಡಿರಲಿಲ್ಲ. ಸರೋಜ ಎಣ್ಣೆ ಶೀಶೆಗೆ ಬಿರಡೆ ಹಾಕಿದಳು. ‘ಆಗ್ಲಿ ಬಿಡು ಕಂದ, ಚೆನ್ನಾಗಿದೆ’ ಅಂದಳು. ನಾಲ್ಕು ಗಂಟೆಗೆ ನಾನು ಗಾಡಿ ಶುರು ಮಾಡುವಾಗ ನನ್ನ ತೋಳು ಹಿಡಿದುಕೊಂಡಳು.

‘ರೀ, ನನ್ನ ಕೈ ಮರೆತ್ಬಿಟ್ಲು ಅವಳು.’

‘ಮಕ್ಕಳು ಹಂಗೇ ಸರೋಜ. ಎರಡು ದಿನಕ್ಕೆ ಸರಿಹೋಗ್ತಾಳೆ.’

‘ಎರಡು ದಿನ ನನ್ನ ಹತ್ರ ಇರೋದೆಲ್ಲಿ? ನಾನು ಈ ಓದು ಬಿಟ್ಬಿಡ್ತೀನಿ. ವಾಪಸ್ ಹೋಗ್ಬಿಡೋಣ.’

ಬಿಡು ಎನ್ನಲು ಬಾಯಿ ಬರಲಿಲ್ಲ, ಬಿಡಬೇಡ ಎನ್ನಲು ಮುಖ ಇರಲಿಲ್ಲ. ‘ಮುಂದಿನ ಭಾನುವಾರ ಮಾತಾಡೋಣ’ ಎಂದೆ.

ಲೆಡ್‌ಬರ್ನ್ ಬಯಲು

ಮುಂದಿನ ಭಾನುವಾರ ಬೆಳಿಗ್ಗೆಯಿಂದ ಬಿರುಗಾಳಿ. ಮಿಸೆಸ್ ರೆನ್ನಿ ಆ ದಿನ ಚರ್ಚಿಗೂ ಹೋಗಲಿಲ್ಲ. ಕಿಟಕಿಯ ಹತ್ತಿರ ನಿಂತು, ‘ಇವತ್ತು ಬೆಟ್ಟ ಹತ್ತೋದು ಹುಚ್ಚುತನ. ಅಮ್ಮನಿಗೆ ಅರ್ಥ ಆಗತ್ತೆ’ ಎಂದರು.

ಅರ್ಥವಾಗುತ್ತಿರಲಿಲ್ಲ, ಅದೇ ನನ್ನ ಭಯ. ಇವತ್ತು ಹೋಗದಿದ್ದರೆ, ಮಗುವೇ ಬರಲೊಲ್ಲೆ ಎಂದಿರಬೇಕು ಎಂದುಕೊಳ್ಳುತ್ತಾಳೆ ಸರೋಜ. ನಾಳೆಯೇ ನರ್ಸುಗಳಿಗೆಲ್ಲ ಮೇಲಿನವಳಾದ ಮೇಟ್ರನ್ ಬಳಿ ಹೋಗಿ ಓದು ಬಿಡುತ್ತೇನೆ ಎಂದುಬಿಟ್ಟರೆ? ನಾನು ಅಷ್ಟನ್ನೂ ಮಿಸೆಸ್ ರೆನ್ನಿಗೆ ಹೇಳಿದೆ. ಜಡೆಯ ಸಂಗತಿಯನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಅಡಿಗೆಮನೆಗೆ ಹೋಗಿ ಜಾಡಿಗೆ ಬಿಸಿನೀರು ತುಂಬಿ, ಮಗುವಿಗೆ ತಮ್ಮ ಸ್ವಂತ ಶಾಲನ್ನು ಸುತ್ತಿ ತಂದರು. ‘ನಿಧಾನವಾಗಿ ಹೋಗು’ ಎಂದಷ್ಟೇ ಹೇಳಿದರು.

ಬಯಲಿಗೆ ಬಂದಾಗ ಗಾಳಿ ಅಡ್ಡಡ್ಡವಾಗಿ ಹೊಡೆಯುತ್ತಿತ್ತು. ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಬರುತ್ತಿತ್ತು. ಗಾಳಿ ತಡೆಯಲು ಹಾಕಿದ್ದ ಕನ್ನಡಕದಲ್ಲಿ ಏನೂ ಕಾಣದೆ ತೆಗೆದುಹಾಕಿದೆ. ತೆಗೆದ ಮೇಲೆ ಕಣ್ಣೇ ಬಿಡಲಾಗಲಿಲ್ಲ. ರಸ್ತೆಯ ತಗ್ಗಿನಲ್ಲಿ ನೀರು ನಿಂತಿತ್ತು. ಅದರೊಳಗೆ ಹೋದ ಗಾಡಿ ಎರಡು ಸಲ ಕೆಮ್ಮಿ ಸತ್ತಿತು. ಕಿಕ್ ಹೊಡೆದೆ, ಹೊಡೆದೆ, ಮತ್ತೆ ಹೊಡೆದೆ. ಕಿಡಿ ಕೊಡುವ ಮ್ಯಾಗ್ನೆಟೋಗೆ ನೀರು ಹೊಕ್ಕಿದೆ ಎಂದು ಗೊತ್ತಾಯಿತು. ಒಣಗಿಸೋಣ ಎಂದರೆ ನನ್ನ ಮೈಮೇಲೆ ಒಣಗಿದ ಚಿಂದಿ ಒಂದೂ ಇಲ್ಲ.

ಮುಸುಕಿನ ಒಳಗಿನಿಂದ ನಿಮ್ಮಿ, ‘ಅಪ್ಪಾ, ಬಂತಾ ಊರು?’ ಎಂದಳು.

‘ಇಲ್ಲ ಕಂದ. ಗಾಡಿಗೆ ಸ್ವಲ್ಪ ಸುಸ್ತಾಗಿದೆ.’

ತಳ್ಳಿಕೊಂಡು ಹೊರಟೆ. ಸೈಡ್‌ಕಾರು ಇರುವ ಗಾಡಿಯನ್ನು ಗಾಳಿಗೆ ಎದುರಾಗಿ ತಳ್ಳುವುದೆಂದರೆ, ಕೆಸರಿನಲ್ಲಿ ಹೂತ ಎತ್ತಿನ ಗಾಡಿಗೆ ಎತ್ತೇ ಇಲ್ಲದೆ ಹೆಗಲು ಕೊಟ್ಟ ಹಾಗೆ. ಎಷ್ಟು ಹೊತ್ತು ತಳ್ಳಿದೆನೋ, ಒಂದು ನಾಯಿ ಬಂದು ಗಾಡಿಯ ಸುತ್ತ ಓಡಿತು. ಅದರ ಹಿಂದೆ ಗೋಣಿಚೀಲ ಹೊದ್ದ ಒಬ್ಬ ಮುದುಕ ಬಂದ. ಕುರಿ ಕಾಯುವವನು, ಹೆಸರು ಟೇಟ್ ಎಂದು ಆಮೇಲೆ ಅವನ ಹೆಂಡತಿಯಿಂದ ತಿಳಿಯಿತು. ನನ್ನನ್ನು ನೋಡಿದ, ಗಾಡಿ ನೋಡಿದ, ಮುಸುಕು ಎತ್ತಿ ಮಗುವನ್ನು ನೋಡಿದ. ಒಂದು ಮಾತೂ ಆಡದೆ ಗಾಡಿಯ ಹಿಂದಕ್ಕೆ ಹೋಗಿ ಹೆಗಲು ಕೊಟ್ಟ.

ಅವನ ಮನೆ ರಸ್ತೆಯ ಬದಿಯಲ್ಲೇ ಇತ್ತು. ಅವನ ಹೆಂಡತಿ ಒಲೆಯಲ್ಲಿ ಸ್ಕೋನ್ ಎಂಬ ಸಣ್ಣ ರೊಟ್ಟಿಗಳನ್ನು ಬೇಯಿಸುತ್ತಿದ್ದಳು. ನಾನು ಪ್ಲಗ್ಗು, ವೈರು, ಮ್ಯಾಗ್ನೆಟೋದ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬೆಂಕಿಯ ಹತ್ತಿರ ಇಡಬಹುದೇ ಎಂದು ಕೇಳಿದೆ. ಆಕೆ ಅವನ್ನು ನನ್ನ ಕೈಯಿಂದ ತೆಗೆದುಕೊಂಡು, ರೊಟ್ಟಿಯ ತಟ್ಟೆಯಲ್ಲೇ ಜಾಗ ಮಾಡಿ ಸಾಲಾಗಿ ಇಟ್ಟು ಒಲೆಯ ಬಾಯಿಯಲ್ಲಿ ಬಿಟ್ಟಳು. ನಿಮ್ಮಿ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ರೊಟ್ಟಿ ಮೊದಲೋ ಪ್ಲಗ್ಗು ಮೊದಲೋ ಎಂದು ಕಾದಳು. ರೊಟ್ಟಿಯೇ ಮೊದಲು ಬೆಂದಿತು.

ಎಲ್ಲ ಒಣಗಿಸಿ, ಜೋಡಿಸಿ, ಗಾಡಿ ಶುರುವಾಗುವ ಹೊತ್ತಿಗೆ ನಾಲ್ಕು ಗಂಟೆ ಸಮೀಪಿಸಿತ್ತು. ಭೇಟಿಯ ಸಮಯ ಮುಗಿದ ಹಾಗೆಯೇ. ಮಳೆ ಇಳಿದಿತ್ತು, ಬೆಳಕೂ ಇಳಿಯುತ್ತಿತ್ತು. ಮಗುವಿಗೆ ಬಿಸಿ ಹಾಲು ಕುಡಿಸಿ, ‘ಇನ್ನು ವಾಪಸ್ ಹೋಗೋಣ ಕಂದ, ಅಮ್ಮನ ಹೊತ್ತು ಮುಗೀತು’ ಎಂದೆ.

‘ಇಲ್ಲ, ಅಮ್ಮ ಕಾಯ್ತಾ ಇರ್ತಾಳೆ.’

‘ಒಳಗೆ ಬಿಡಲ್ಲಮ್ಮಾ ಈಗ. ಮಿಸ್ ಬೇರ್ಡ್ ಬಾಗಿಲು ಹಾಕಿರ್ತಾರೆ.’

‘ಒಳಗಲ್ಲ ಅಪ್ಪಾ! ಗೋಡೆ ಹತ್ರ! ಗಾಡಿ ನಿಲ್ಸೋ ಜಾಗ್ದಲ್ಲಿ!’ ಅವಳು ನನ್ನ ತೋಳು ಹಿಡಿದು ಬಾಗಿಲ ಕಡೆ ಎಳೆದಳು. ಮುದುಕ ಟೇಟ್ ಮಗುವನ್ನು ನೋಡಿದ, ನನ್ನನ್ನು ನೋಡಿದ. ಕನ್ನಡ ಒಂದಕ್ಷರ ಬಾರದಿದ್ದರೂ ಅವನಿಗೆ ವಿಷಯ ಗೊತ್ತಾಗಿರಬೇಕು. ಬಂದಾಗಿನಿಂದ ಮೊದಲ ಸಲ ಬಾಯಿಬಿಟ್ಟ. ‘ಎಡಿನ್‌ಬರೋ ಆ ಕಡೆ’ ಎಂದು ಕೈ ತೋರಿಸಿದ.

ಗೋಡೆಯ ಪಕ್ಕ

ನಾವು ಆ ಬೀದಿಗೆ ತಿರುಗಿದಾಗ ದೀಪ ಹಚ್ಚುತ್ತಿದ್ದರು. ಗೋಡೆಯ ಪಕ್ಕ ಎರಡು ಆಕೃತಿಗಳು ನಿಂತಿದ್ದವು. ಒಂದು ಸರೋಜ. ನರ್ಸಿನ ಕಪ್ಪು ಮೇಲುಹೊದಿಕೆ ಮೈಗೆ ಅಂಟಿಕೊಂಡಿತ್ತು, ಕೂದಲಿನಿಂದ ನೀರು ಇಳಿಯುತ್ತಿತ್ತು. ಇನ್ನೊಂದು ಮಿಸ್ ಬೇರ್ಡ್. ಆಕೆ ತಮ್ಮ ಛತ್ರಿಯನ್ನು ಪೂರ್ತಿಯಾಗಿ ಸರೋಜಳ ತಲೆಯ ಮೇಲೆ ಹಿಡಿದಿದ್ದರು. ಅವರ ಸ್ವಂತ ಹೆಗಲು ತೊಯ್ದು ಹೋಗಿತ್ತು.

ಗಾಡಿ ನಿಲ್ಲುವ ಮೊದಲೇ ನಿಮ್ಮಿ ಮುಸುಕು ತಳ್ಳಿ ಹಾರಿದಳು. ರಬ್ಬರ್ ಬೂಟು ಒಂದು ಕಾಲಿನಲ್ಲಿ, ಇನ್ನೊಂದು ಸೈಡ್‌ಕಾರಿನಲ್ಲಿ. ‘ಅಮ್ಮಾ, ಗಾಡಿ ಕೆಟ್ಟೋಯ್ತು! ಅಪ್ಪ ಪ್ಲಗ್ಗನ್ನ ಒಲೇಲಿಟ್ಟು ಬೇಯಿಸ್ತು! ನಾನ್ ಹೇಳ್ದೆ ನೀನು ಇಲ್ಲೇ ಇರ್ತೀಯ ಅಂತ, ಅಪ್ಪ ನಂಬಲೇ ಇಲ್ಲ!’

ಸರೋಜ ಕೆಳಗೆ ಕೂತು ಅವಳನ್ನು ತಬ್ಬಿಕೊಂಡಳು. ಮಗುವಿನ ಬೂಟಿಲ್ಲದ ಕಾಲನ್ನು ತನ್ನ ಹೊದಿಕೆಯಲ್ಲಿ ಸುತ್ತಿಕೊಂಡಳು.

ಮಿಸ್ ಬೇರ್ಡ್ ನನ್ನ ಕಡೆ ತಿರುಗಿದರು. ನಾನು ತಡವಾದದ್ದಕ್ಕೆ ಕ್ಷಮೆ ಕೇಳತೊಡಗಿದೆ. ಆಕೆ ಕೈಯೆತ್ತಿ ತಡೆದರು.

‘ಎರಡು ಗಂಟೆಯಿಂದ ನಿಂತಿದ್ದಾಳೆ. ಒಳಗೆ ಬಾ ಎಂದು ಮೂರು ಸಲ ಹೇಳಿ ಕಳಿಸಿದೆ, ಬರಲಿಲ್ಲ. ಹಾಗಾಗಿ ನಾನು ಹೊರಗೆ ಬಂದೆ.’ ಸ್ವಲ್ಪ ತಡೆದು, ‘ಇವಳು ನಾಲ್ಕು ಗಂಟೆಗೆ ವಾರ್ಡಿನಲ್ಲಿ ಇರಬೇಕಿತ್ತು. ಮೇಟ್ರನ್‌ಗೆ ನಾನು ಇದನ್ನು ಹೇಳಲೇಬೇಕು’ ಎಂದರು.

ಆಕೆ ನಮ್ಮನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟರು. ಮಗುವಿನ ಕಾಲುಚೀಲವನ್ನು ತಾವೇ ಹಿಂಡಿ ಒಲೆಯ ಮೇಲೆ ಹಾಕಿದರು. ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ. ಹೊರಡುವಾಗ ಸರೋಜ ನನ್ನ ಹತ್ತಿರ ಬಂದು, ‘ಇನ್ನು ನಾನು ಬಿಡೋದು ಬೇಡ, ಅವರೇ ಬಿಡಿಸ್ತಾರೆ’ ಎಂದಳು. ‘ಈಗ ನೋಡಿದ್ರೆ, ಬಿಡಕ್ಕೆ ಮನಸ್ಸಿಲ್ಲ ರೀ.’

ಶನಿವಾರ

ಶುಕ್ರವಾರ ಗ್ಯಾರೇಜಿಗೆ ಫೋನ್ ಬಂತು. ಯಜಮಾನ ತೆಗೆದುಕೊಂಡು ನನಗೆ ಹೇಳಿದ: ‘ಮಿಸ್ ಬೇರ್ಡ್ ಅಂತೆ. ನಾಳೆ ಮಧ್ಯಾಹ್ನ ಸೈಡ್‌ಕಾರ್ ತಗೊಂಡು ಬರಬೇಕಂತೆ. ಕಂಬಳಿ ತರಬೇಕಂತೆ.’ ಕಾರಣ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಲಿಲ್ಲ.

ಆ ಸಂಜೆ ನಾನು ಊಟ ಮಾಡಲಿಲ್ಲ. ಹಡಗು ಯಾವಾಗ ಸಿಗುತ್ತದೆ, ಸರೋಜಳನ್ನು ನಂಬಿ ಕಳಿಸಿದವರಿಗೆ ಅವಳು ಏನು ಹೇಳುತ್ತಾಳೆ, ಕೃಷ್ಣರಾಜಪುರದಲ್ಲಿ ಅಣ್ಣನ ಮುಂದೆ ಹೇಗೆ ಇಳಿಯುವುದು ಎಂದು ಯೋಚಿಸಿದೆ. ಮಿಸೆಸ್ ರೆನ್ನಿ ಅಲಮಾರಿನಿಂದ ತಮ್ಮ ಮದುವೆಯ ಕಂಬಳಿ ತೆಗೆದು ಕೊಟ್ಟರು. ಅವರೂ ಅದನ್ನೇ ಯೋಚಿಸುತ್ತಿದ್ದರೆಂದು ತೋರುತ್ತದೆ. ನಿಮ್ಮಿಯ ತಲೆ ಸವರಿ ಒಳಗೆ ಹೋದವರು ಮತ್ತೆ ಬರಲಿಲ್ಲ.

ಶನಿವಾರ ಎಂದಿನ ಮಳೆ. ಸರೋಜ ಗೋಡೆಯ ಪಕ್ಕ ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ ಹಿಡಿದು ನಿಂತಿದ್ದಳು. ಪೆಟ್ಟಿಗೆ ಕಂಡು ನಾನು ಎಂಜಿನ್ ಆರಿಸುವ ಮೊದಲೇ ಕೇಳಿದೆ.

‘ಕಳಿಸ್ಬಿಟ್ರಾ?’

‘ಹೂಂ, ಕಳಿಸಿದ್ರು.’ ಅವಳ ತುಟಿ ನಗು ತಡೆಯಲಾರದೆ ಅದುರಿತು. ‘ಸೋಮವಾರ ಬೆಳಿಗ್ಗೆವರೆಗೆ. ಮಿಸ್ ಬೇರ್ಡ್ ಮೇಟ್ರನ್ ಹತ್ರ ಹೋಗಿ, ಮಗು ಇರೋ ನರ್ಸಿಗೆ ಎರಡು ವಾರಕ್ಕೊಂದು ಸಲ ರಜ ಕೊಡದಿದ್ರೆ ಪ್ರತಿ ಭಾನುವಾರ ನಾನೇ ಮಳೇಲಿ ನಿಂತ್ಕೊಬೇಕಾಗತ್ತೆ, ನನ್ನ ವಯಸ್ಸಿಗೆ ಅದು ಆಗಲ್ಲ ಅಂದ್ರಂತೆ.’

ಮೊದಲ ಮಹಡಿಯ ಒಂದು ಕಿಟಕಿಯಲ್ಲಿ ಪರದೆ ಅಲುಗಿತು. ನಾನು ಟೋಪಿ ತೆಗೆದು ಆ ಕಡೆ ತಲೆಬಾಗಿದೆ. ಪರದೆ ಮುಚ್ಚಿಕೊಂಡಿತು.

ಸರೋಜ, ‘ಸೈಡ್‌ಕಾರಲ್ಲಿ ಜಾಗ ಎಲ್ಲಿದೆ?’ ಎಂದಳು. ನಿಮ್ಮಿ ಒತ್ತಿಕೊಂಡು ಜಾಗ ಮಾಡಿಕೊಟ್ಟಳು. ಪೆಟ್ಟಿಗೆಯನ್ನು ನಾನು ಹಿಂದಿನ ಸೀಟಿಗೆ ಕಟ್ಟಿದೆ. ಊರು ದಾಟಿ ಬೆಟ್ಟದ ದಾರಿ ಹಿಡಿದಾಗ ಗಾಳಿ ಜೋರಾಯಿತು. ನನ್ನ ಕೈಗವಸಿನೊಳಗೆ ನೀರು ತುಂಬಿತ್ತು, ಮೊಣಕಾಲು ಮರಗಟ್ಟಿತ್ತು. ಎಷ್ಟು ಬೇಗ ಮನೆ ಮುಟ್ಟಿ ಬೆಂಕಿಯ ಮುಂದೆ ಕೂರುತ್ತೇನೋ ಎಂದು ಗಾಡಿಯ ವೇಗ ಹೆಚ್ಚಿಸಿದೆ.

ಸರೋಜ ಮುಸುಕಿನಿಂದ ಕೈ ಹೊರಗೆ ಚಾಚಿ ನನ್ನ ಮೊಣಕಾಲು ತಟ್ಟಿದಳು. ಏನಾಯಿತೋ ಎಂದು ಬದಿಗೆ ನಿಲ್ಲಿಸಿ ಬಗ್ಗಿ ನೋಡಿದೆ. ನಿಮ್ಮಿ ಅಮ್ಮನ ಎದೆಗೆ ಕೆನ್ನೆ ಒತ್ತಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಅವಳ ಮುಷ್ಟಿಯಲ್ಲಿ ಸರೋಜಳ ಸೆರಗಿನ ತುದಿ ಇತ್ತು.

‘ನಿಧಾನ ಹೋಗ್ರೀ’ ಎಂದಳು ಸರೋಜ. ‘ಅವಸರ ಏನಿದೆ?’

ಕಾಲಿನ ಮೇಲೆ ನೀರು ಸುರಿಯುತ್ತಿತ್ತು. ನಾನು ಕಡಿಮೆ ಗೇರು ಹಾಕಿ, ಗುಂಡಿಗಳನ್ನು ಒಂದೊಂದಾಗಿ ತಪ್ಪಿಸಿಕೊಂಡು, ಕುರಿಗಳು ತಲೆಯೆತ್ತಿ ನೋಡುವಷ್ಟು ಮೆಲ್ಲಗೆ ಆ ಮಳೆಯಲ್ಲಿ ಗಾಡಿ ಬಿಟ್ಟೆ.